ಮೊದಲು ಊಟ, ಆಮೇಲೆ ಉದ್ಯೋಗ: ಮುಗ್ಗಟ್ಟಿನ ಕಾಲದ ವಲಸೆಗೆ ಕರಾವಳಿ ಕಲಿಸಿದ ಪಾಠ



ಈ ದತ್ತಿ ಉಪನ್ಯಾಸದ ವಿಷಯದ ಆಯ್ಕೆಯನ್ನು ಸಂಘಟಕರು ನನಗೇ ಬಿಟ್ಟಿದ್ದರು. ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತನಾದವನಿಗೆ ಇಂಥ ಸ್ವಾತಂತ್ರ್ಯ ಕೊಟ್ಟರೆ ಸಭೆಗೆ ಅಂಕಿ-ಅಂಶಗಳ ಕಾಟ ತಪ್ಪಿದ್ದಲ್ಲ. ಆದರೂ ಇವತ್ತಿನ ವಿಷಯ ಈ ಸಭಾಂಗಣದಲ್ಲಿ ಕೂತಿರುವ ಬಹುತೇಕ ಮನೆಗಳ ಕಥೆಯೇ ಆಗಿರುವುದರಿಂದ ನೀವು ಸಹಿಸಿಕೊಳ್ಳುತ್ತೀರಿ ಎಂದು ನಂಬಿದ್ದೇನೆ. ವ್ಯಾಪಾರ ಕುಸಿದು, ಬೆಲೆ ಬಿದ್ದು, ಕೆಲಸ ಸಿಗದ ಕಾಲದಲ್ಲಿ ಒಬ್ಬ ಮನುಷ್ಯ ತನ್ನ ಊರು ಬಿಟ್ಟು ಹೆಸರು ಮಾತ್ರ ಕೇಳಿದ ಇನ್ನೊಂದು ಊರಿಗೆ ಹೋಗುತ್ತಾನೆ. ಅವನು ಯಾವ ಲೆಕ್ಕದ ಮೇಲೆ ಹೋಗುತ್ತಾನೆ? ಹೋದವನು ಹೇಗೆ ಉಳಿಯುತ್ತಾನೆ? ಉಳಿಯಲಾಗದವನಿಗೆ ಏನಾಗುತ್ತದೆ? ಈ ಮೂರು ಪ್ರಶ್ನೆಗಳನ್ನು 1930ರ ದಶಕದ ದಕ್ಷಿಣ ಕನ್ನಡದಿಂದ ಮುಂಬಯಿ, ಮದ್ರಾಸುಗಳಿಗೆ ಹೋದವರನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಮುಗ್ಗಟ್ಟು ಬಂದರೆ ಜನ ಓಡುತ್ತಾರೆಯೇ?

ಕಷ್ಟಕಾಲ ಬಂದರೆ ಜನ ಗುಂಪುಗುಂಪಾಗಿ ಪಟ್ಟಣಕ್ಕೆ ನುಗ್ಗುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬರಗಾಲದ ಮಟ್ಟಿಗೆ ಅದು ನಿಜ. ಆರ್ಥಿಕ ಮುಗ್ಗಟ್ಟಿನ ಮಟ್ಟಿಗೆ ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಅದರ ಬೆನ್ನಿಗೇ ಬಂದ ಮಹಾ ಮುಗ್ಗಟ್ಟಿನಲ್ಲಿ ಅಮೆರಿಕದ ಜನ ಕಾರ್ಖಾನೆಯ ಪಟ್ಟಣಗಳಿಂದ ಅಪ್ಪ-ಅಮ್ಮನ ಹೊಲಮನೆಗೆ ವಾಪಸು ಹೊರಟರು. 1932ರ ಸುಮಾರಿಗೆ ಹಳ್ಳಿಯಿಂದ ನಗರಕ್ಕೆ ಬಂದವರಿಗಿಂತ ನಗರದಿಂದ ಹಳ್ಳಿಗೆ ಹೋದವರ ಸಂಖ್ಯೆಯೇ ಹೆಚ್ಚಾಯಿತು. 2008ರ ಹಿಂಜರಿತದಲ್ಲೂ ಹಾಗೆಯೇ. ಆ ದೇಶದಲ್ಲಿ ಒಂದು ವರ್ಷದೊಳಗೆ ಮನೆ ಬದಲಿಸಿದವರ ಪ್ರಮಾಣ ಶೇ. 11.9ಕ್ಕೆ ಇಳಿಯಿತು. 1948ರಲ್ಲಿ ಈ ಲೆಕ್ಕ ಇಡಲು ಆರಂಭಿಸಿದ ಮೇಲೆ ಅಲ್ಲಿಯವರೆಗೆ ಅಷ್ಟು ಕಡಿಮೆ ಆಗಿದ್ದೇ ಇಲ್ಲ.

ನಮ್ಮ ದೇಶದ ಲೆಕ್ಕವನ್ನೇ ನೋಡೋಣ. 1921ರ ಜನಗಣತಿಯಲ್ಲಿ ಮುಂಬಯಿ ನಗರದ ಜನಸಂಖ್ಯೆ 11,75,914. 1931ರ ಗಣತಿಯಲ್ಲಿ 11,61,383. ದೇಶದ ಜನಸಂಖ್ಯೆ ಏರಿದ ಹತ್ತು ವರ್ಷಗಳಲ್ಲಿ ಮುಂಬಯಿ ಸ್ವಲ್ಪ ಖಾಲಿಯಾಗಿತ್ತು. ಬಟ್ಟೆ ಗಿರಣಿಗಳು ಇಪ್ಪತ್ತರ ದಶಕದ ನಡುವಿನಿಂದಲೇ ಸಂಕಟದಲ್ಲಿದ್ದವು. 1928ರಲ್ಲಿ ಆರು ತಿಂಗಳ ಸಾರ್ವತ್ರಿಕ ಮುಷ್ಕರ ನಡೆದಿತ್ತು. ಮುಗ್ಗಟ್ಟಿನ ವರ್ಷಗಳಲ್ಲಿ ಕೆಲವು ಗಿರಣಿ ಮುಚ್ಚಿದವು, ಕೆಲವು ಕೂಲಿ ಕಡಿತ ಮಾಡಿದವು, 1934ರಲ್ಲಿ ಮತ್ತೆ ಮುಷ್ಕರವಾಯಿತು. ಕೊಂಕಣದ, ದಖನಿನ ಗಿರಣಿ ಕೆಲಸಗಾರ ಟ್ರಂಕು ಹೊತ್ತು ಊರಿನ ದಾರಿ ಹಿಡಿಯುತ್ತಿದ್ದ.

ಇದಕ್ಕೆ ಕಾರಣ ಕಾಣುವುದು ಕಷ್ಟವಲ್ಲ. ಊರು ಬಿಡುವುದಕ್ಕೂ ಕಾಸು ಬೇಕು. ಹಡಗಿನ ಟಿಕೇಟು, ಹೋದಲ್ಲಿ ಬಾಡಿಗೆ, ಕೆಲಸ ಸಿಗುವವರೆಗಿನ ಊಟ, ಊರಲ್ಲಿ ಉಳಿದವರಿಗೆ ಅಕ್ಕಿ, ಇಷ್ಟನ್ನೂ ಹೊಂದಿಸಬೇಕು. ಮುಗ್ಗಟ್ಟು ಮೊದಲು ಕಸಿದುಕೊಳ್ಳುವುದು ಈ ಗಂಟನ್ನೇ. ಹಾಗಾಗಿ ಹೋಗಬೇಕು ಅನ್ನಿಸುವ ಕಾಲವೂ ಹೋಗಲು ಆಗದ ಕಾಲವೂ ಒಂದೇ ಆಗಿಬಿಡುತ್ತದೆ.

ಹೀಗಿದ್ದೂ ಅದೇ ಮೂವತ್ತರ ದಶಕದಲ್ಲಿ ಕುಂದಾಪುರದಿಂದ ಕಾಸರಗೋಡಿನವರೆಗಿನ ಪಟ್ಟಿಯಿಂದ ಹುಡುಗರು ಮುಂಬಯಿಗೆ, ಮದ್ರಾಸಿಗೆ, ಬೆಂಗಳೂರಿಗೆ ಹೋಗುತ್ತಲೇ ಇದ್ದರು. ಕೆಲಸ ಇದ್ದವರೇ ಬಿಟ್ಟು ಬರುತ್ತಿದ್ದ ಮುಂಬಯಿಗೆ ಇವರು ಯಾಕೆ ಹೋದರು?

ಸೂತ್ರ ಹೇಳುವುದು, ಸೂತ್ರ ಹೇಳದೆ ಬಿಡುವುದು

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಹ್ಯಾರಿಸ್ ಮತ್ತು ಟೊಡಾರೊ ಅವರ ಹೆಸರು ಕೇಳಿರುತ್ತೀರಿ. 1970ರಲ್ಲಿ ಅವರು ಪ್ರಕಟಿಸಿದ ಲೇಖನದ ಸಾರ ಇಷ್ಟು. ಹಳ್ಳಿಯವನು ಪಟ್ಟಣದ ಸಂಬಳವನ್ನಷ್ಟೇ ನೋಡುವುದಿಲ್ಲ. ಆ ಸಂಬಳ ತನಗೆ ಸಿಗುವ ಸಂಭವ ಎಷ್ಟು ಎಂಬುದನ್ನೂ ಲೆಕ್ಕ ಹಾಕುತ್ತಾನೆ. ಉದಾಹರಣೆಗೆ, ಊರಲ್ಲಿ ಹತ್ತು ರೂಪಾಯಿ, ಪಟ್ಟಣದಲ್ಲಿ ನಲವತ್ತು ಎಂದಿಟ್ಟುಕೊಳ್ಳಿ. ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಕೆಲಸ ಸಿಗುತ್ತದೆ ಎಂದರೂ ಅವನ ಲೆಕ್ಕದಲ್ಲಿ ಪಟ್ಟಣದ ಬೆಲೆ ಇಪ್ಪತ್ತು. ಹತ್ತಕ್ಕಿಂತ ಇಪ್ಪತ್ತು ದೊಡ್ಡದು, ಹೊರಟೇಬಿಡುತ್ತಾನೆ. ಪಟ್ಟಣದಲ್ಲಿ ನಿರುದ್ಯೋಗಿಗಳು ತುಂಬಿದ್ದರೂ ಜನ ಬರುವುದೇಕೆ ಎಂಬುದಕ್ಕೆ ಇದು ಸೊಗಸಾದ ಉತ್ತರ.

ಆದರೆ ಕೆಲಸ ಸಿಗದ ಆ ಇನ್ನೊಬ್ಬ, ಸಿಗುವವರೆಗೆ ಎಲ್ಲಿ ಉಣ್ಣುತ್ತಾನೆ, ಎಲ್ಲಿ ಮಲಗುತ್ತಾನೆ? ಸೂತ್ರ ಈ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಸುಭಿಕ್ಷ ಕಾಲದಲ್ಲಿ ನಿಲ್ಲದಿದ್ದರೂ ನಡೆಯುತ್ತದೆ, ಕಾಯುವ ದಿನಗಳು ಕಡಿಮೆ. ಮುಗ್ಗಟ್ಟಿನಲ್ಲಿ ಕಾಯುವುದೇ ಮುಖ್ಯ ಉದ್ಯೋಗ. ಆಗ ಸಂಬಳದ ಮೊತ್ತಕ್ಕಿಂತ, ಸಂಬಳ ಇಲ್ಲದ ದಿನಗಳನ್ನು ಯಾರು ಸಾಕುತ್ತಾರೆ ಎಂಬುದು ದೊಡ್ಡದಾಗುತ್ತದೆ. ಇವತ್ತಿನ ನನ್ನ ಮಾತಿನ ತಿರುಳು ಇಷ್ಟೇ: ಮುಗ್ಗಟ್ಟಿನಲ್ಲಿ ಹೆಚ್ಚು ಸಂಬಳದ ಊರಿಗೆ ಹೋದವನಿಗಿಂತ ಉಂಡು ಮಲಗಲು ಜಾಗ ಖಾತ್ರಿ ಇರುವ ಊರಿಗೆ ಹೋದವನು ಗೆಲ್ಲುತ್ತಾನೆ.

ಬೆಲೆ ಬಿದ್ದ ಊರು

ಆಗಿನ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಜಿಲ್ಲೆ. 1923ರ ಭಾರೀ ನೆರೆ ನೇತ್ರಾವತಿಯ ದಡದ ಪಾಣೆಮಂಗಳೂರು, ಬಂಟ್ವಾಳಗಳನ್ನು ತೊಳೆದುಹಾಕಿತ್ತು. ಅದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಬೆಲೆ ಕುಸಿತ ಬಂತು. ದೇಶದುದ್ದಕ್ಕೂ 1929ರಿಂದ ಎರಡು-ಮೂರು ವರ್ಷಗಳಲ್ಲಿ ಕೃಷಿ ಉತ್ಪನ್ನಗಳ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಗದ್ದೆಯಲ್ಲಿ ಭತ್ತ ಮೊದಲಿನಷ್ಟೇ ಬೆಳೆಯುತ್ತಿತ್ತು, ತೋಟದಲ್ಲಿ ತೆಂಗು, ಅಡಿಕೆ ಇದ್ದವು. ಆದರೆ ಸರಕಾರಕ್ಕೆ ಕಟ್ಟುವ ತೀರ್ವೆ ರೂಪಾಯಿಯಲ್ಲಿ ನಿಗದಿಯಾಗಿತ್ತು, ಸಾಲದ ಬಡ್ಡಿಯೂ ರೂಪಾಯಿಯಲ್ಲೇ. ಬೆಲೆ ಅರ್ಧವಾದರೆ ಅದೇ ತೀರ್ವೆಗೆ ಎರಡು ಪಾಲು ಅಕ್ಕಿ ಮಾರಬೇಕು. 1927ರಲ್ಲಿ ರೂಪಾಯಿಯ ಬೆಲೆಯನ್ನು ಒಂದು ಶಿಲಿಂಗ್ ಆರು ಪೆನ್ಸ್ ಎಂದು ಕಟ್ಟಿಹಾಕಿದ್ದ ಸರಕಾರ ಅದನ್ನು ಇಳಿಸಲು ಒಪ್ಪಲಿಲ್ಲ. 1931ರಲ್ಲಿ ಬ್ರಿಟನ್ ಚಿನ್ನದ ಪ್ರಮಾಣವನ್ನು ಕೈಬಿಟ್ಟ ಮೇಲೆ ಭಾರತದ ಮನೆಮನೆಯ ಬಂಗಾರ ಹಡಗು ಹತ್ತಿ ಹೊರಹೋಯಿತು. ಹೆಂಗಸರ ಕೊರಳಿನಿಂದ ಇಳಿದ ಆ ಚಿನ್ನ ಎಷ್ಟೋ ಮನೆಗಳಲ್ಲಿ ಸಾಲ-ಕಂದಾಯಗಳಿಗೆ ಸಂದಾಯವಾಯಿತು.

ಮಂಗಳೂರಿನಲ್ಲಿ ಎ. ಬಿ. ಶೆಟ್ಟಿ ಮತ್ತು ಅವರ ಜೊತೆಗಾರರು ವಿಜಯಾ ಬ್ಯಾಂಕನ್ನು ಕಟ್ಟಿದ್ದು 1931ರಲ್ಲಿ, ಇದೇ ಕುಸಿತದ ನಡುವೆ, ಕೃಷಿಕರ ಕೈಗೆ ಸಾಲ ಸಿಗಲಿ ಎಂದು. ರಾಜಾಜಿ ಸರಕಾರ ರೈತರ ಸಾಲ ತಗ್ಗಿಸುವ ಕಾಯ್ದೆ ತಂದದ್ದು 1938ರಲ್ಲಿ. ಅಷ್ಟು ವರ್ಷ ಹೊಟ್ಟೆ ಕಾಯುವುದಿಲ್ಲ. ಮನೆಯಲ್ಲಿ ಐದಾರು ಗಂಡುಮಕ್ಕಳಿದ್ದರೆ ಒಂದು ಬಾಯಿ ಕಡಿಮೆಯಾದರೂ ಲಾಭವೇ. ಇಲ್ಲೇ ನಮ್ಮ ಪ್ರಶ್ನೆಗೆ ಉತ್ತರದ ಮೊದಲ ತುಂಡು ಸಿಗುತ್ತದೆ. ಹುಡುಗನನ್ನು ಕಳಿಸಿದವರು ಅವನು ಕಳಿಸಬಹುದಾದ ಹಣದ ಆಸೆಗಿಂತ ಮೊದಲು, ಅವನ ಊಟದ ಭಾರ ಇಳಿಯಲಿ ಎಂದು ಕಳಿಸಿದರು.

ಸಂಬಳ ಕಡಿಮೆ, ಅನ್ನ ಖಾಯಂ

ಹೋದದ್ದು ಎಲ್ಲಿಗೆ? ಗಿರಣಿಗೆ ಹೋದವರು ಕಡಿಮೆ, ಬಹುಮಂದಿ ಹೋಟೆಲಿಗೆ. ಮಳೆಗಾಲ ಕಳೆದು ಹಡಗು ಶುರುವಾದರೆ ಮಂಗಳೂರಿನಿಂದಲೋ ಮಲ್ಪೆಯಿಂದಲೋ ಹೊರಟು ಮುಂಬಯಿ ಬಂದರಿನಲ್ಲಿ ಇಳಿದ ಹತ್ತು-ಹನ್ನೆರಡು ವರ್ಷದ ಮಾಣಿ, ಊರಿನವರ ಕೈ ಹಿಡಿದು ನೇರ ಹೋಟೆಲಿನ ಹಿಂಬಾಗಿಲಿಗೆ ಹೋಗುತ್ತಿದ್ದ. ಮೊದಲು ಕಪ್ಪು-ಬಸಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲೈ, ಕೈ ಚುರುಕಿದ್ದರೆ ಅಡುಗೆ, ಲೆಕ್ಕ ಬಂದರೆ ಗಲ್ಲಾ. ಮೊದಲ ತಿಂಗಳುಗಳಲ್ಲಿ ಸಂಬಳ ಎಂದು ಕೈಗೆ ಬರುತ್ತಿದ್ದದ್ದು ತೀರಾ ಅಲ್ಪ, ಕೆಲವೊಮ್ಮೆ ಏನೂ ಇಲ್ಲ. ಆದರೆ ಮೂರು ಹೊತ್ತಿನ ಊಟ ಅಲ್ಲೇ, ರಾತ್ರಿ ಟೇಬಲ್ ಸರಿಸಿದರೆ ಹಾಸಿಗೆಯೂ ಅಲ್ಲೇ.

ಗಿರಣಿಯ ಕೂಲಿ ಇದಕ್ಕಿಂತ ಹೆಚ್ಚು. ಆದರೆ ಗಿರಣಿ ಕೆಲಸಗಾರ ಚಾಳಿನ ಬಾಡಿಗೆ ಕೊಡಬೇಕು, ಖಾನಾವಳಿಗೆ ಕೊಡಬೇಕು. ಗಿರಣಿ ಬಂದಾದ ಮರುದಿನ ಎರಡೂ ನಿಂತವು. ಹೋಟೆಲಿನ ಮಾಣಿಗೆ ಸಂಬಳ ತಡವಾಗಬಹುದು, ಅನ್ನ ತಡವಾಗದು. ಮುಗ್ಗಟ್ಟಿನ ಲೆಕ್ಕದಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು.

ಇನ್ನೂ ಒಂದು ಸಂಗತಿ ಇದೆ, ನನಗೆ ಇದು ಇಡೀ ಕಥೆಯ ಕೀಲಿ ಅನ್ನಿಸುತ್ತದೆ. ಗಿರಣಿ ಬಿದ್ದ ಕಾಲದಲ್ಲಿ ಹೋಟೆಲು ಹೇಗೆ ನಿಂತಿತು? ಊರಲ್ಲಿ ಅಕ್ಕಿ, ಬೇಳೆ, ತೆಂಗಿನಕಾಯಿ ಬೆಲೆ ಕುಸಿದು ರೈತ ನೆಲಕ್ಕೆ ಬಿದ್ದ. ಅದೇ ಅಕ್ಕಿ, ಅದೇ ಬೇಳೆ, ಅದೇ ತೆಂಗಿನಕಾಯಿ ಹೋಟೆಲಿನವನ ಕಚ್ಚಾ ಸಾಮಗ್ರಿ. ಅವನ ಖರ್ಚು ಇಳಿಯಿತು. ಇನ್ನೊಂದು ಕಡೆ ಗಿರಾಕಿಯನ್ನು ನೋಡಿ. ಮಾಟುಂಗ, ಕೋಟೆ ಪ್ರದೇಶದ ಬೋರ್ಡಿಂಗುಗಳಿಗೆ ಬರುತ್ತಿದ್ದವರಲ್ಲಿ ಮಾಸಿಕ ಸಂಬಳದ ಗುಮಾಸ್ತರು ಬಹಳ, ಅದರಲ್ಲೂ ಸಂಸಾರ ಊರಲ್ಲಿ ಬಿಟ್ಟು ಬಂದ ಒಂಟಿ ಗಂಡಸರು. ಸರಕಾರಿ ನೌಕರರ ಸಂಬಳಕ್ಕೆ 1931ರ ಕೊನೆಗೆ ಶೇ. 10ರ ಕತ್ತರಿ ಬಿತ್ತು, ನಿಜ. ಆದರೆ ಬೆಲೆಗಳು ಅದಕ್ಕಿಂತ ಎಷ್ಟೋ ಹೆಚ್ಚು ಇಳಿದಿದ್ದವು. ಕೆಲಸ ಉಳಿಸಿಕೊಂಡ ಗುಮಾಸ್ತನ ಜೇಬು ಮೊದಲಿಗಿಂತ ಸ್ವಲ್ಪ ಭಾರವೇ ಆಯಿತು. ಹೀಗೆ ಊರಿನ ಗದ್ದೆಯನ್ನು ಬತ್ತಿಸಿದ ಬೆಲೆ ಕುಸಿತವೇ ಪಟ್ಟಣದ ಎಲೆಯ ಮೇಲೆ ಅನ್ನ ಬಡಿಸಿತು. ಗದ್ದೆಯಿಂದ ಹೋಟೆಲಿಗೆ ಹೋದ ಹುಡುಗ, ತನಗೇ ತಿಳಿಯದೆ, ಕುಸಿತದ ನಷ್ಟದ ಬದಿಯಿಂದ ಲಾಭದ ಬದಿಗೆ ದಾಟಿದ್ದ.

ಈ ದಾಟುವಿಕೆಯ ಹೆಜ್ಜೆ ಗುರುತುಗಳು ಇವತ್ತಿಗೂ ಕಾಣುತ್ತವೆ. ಕಡಂದಲೆಯ ಕೆ. ಕೃಷ್ಣರಾಯರು ಮದ್ರಾಸಿನಲ್ಲಿ ಅಡುಗೆಮನೆಯ ಕೆಳಗಿನ ಮೆಟ್ಟಿಲಿನಿಂದ ಮೇಲೆ ಬಂದವರು. 1938ರಲ್ಲಿ ರಾಯಪೇಟೆಯ ಒಂದು ಹಳೇ ಬಂಗಲೆಯನ್ನು ಬಾಡಿಗೆಗೆ ಹಿಡಿದು ವುಡ್‌ಲ್ಯಾಂಡ್ಸ್ ಆರಂಭಿಸಿದರು. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ 1924ರಲ್ಲಿ ತೆರೆದ ಕಾಫಿ ಕ್ಲಬ್ಬೇ ಮುಂದೆ ಎಂಟಿಆರ್ ಆಯಿತು. ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ಇವರ ಹೆಸರು ನಮಗೆ ಗೊತ್ತಿರುವುದು ಇವರು ಗೆದ್ದದ್ದರಿಂದ. ಕಪ್ಪು ತೊಳೆಯುವುದರಲ್ಲೇ ಆಯುಷ್ಯ ಕಳೆದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಮಾವನ ಕೋಣೆ, ಸಂಘದ ರಾತ್ರಿ ಶಾಲೆ

ಉಣ್ಣಲು, ಮಲಗಲು ಸಿಗುವ ಇಂಥ ಜಾಗವನ್ನು ಕಟ್ಟಿದವರು ಯಾರು? ಸರಕಾರ ಕಟ್ಟಲಿಲ್ಲ, ಕಂಪನಿ ಕಟ್ಟಲಿಲ್ಲ. ಮೊದಲು ಹೋದವನು ಕಟ್ಟಿದ. ಅಳಿಯಸಂತಾನ ಕಟ್ಟಿನ ಮನೆಗಳಲ್ಲಿ ಸೋದರಮಾವನಿಗೆ ಅಳಿಯನ ಜವಾಬ್ದಾರಿ ಹೇಗೂ ಇತ್ತು. ಮುಂಬಯಿಯ ಮಾವ ಊರಿನ ಅಳಿಯನನ್ನು ಕರೆಸಿಕೊಳ್ಳುವುದು ಆ ಜವಾಬ್ದಾರಿಯ ಮುಂದುವರಿಕೆ. ಮನೆ, ಗದ್ದೆ ತಾಯಿಯ ಕಡೆಯಲ್ಲೇ ಉಳಿಯುತ್ತಿದ್ದ ಕಾರಣ ಗಂಡಸು ವರ್ಷಗಟ್ಟಲೆ ದೂರವಿದ್ದರೂ ಸಂಸಾರದ ಬುಡ ಅಲುಗಾಡುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಊರಲ್ಲಿ ನಿಂತು ಗದ್ದೆ, ದನ, ಮಕ್ಕಳನ್ನು ನೋಡಿಕೊಂಡ ಹೆಂಗಸರ ದುಡಿಮೆ ಇಲ್ಲದಿದ್ದರೆ ಹೋಟೆಲಿನ ಯಶಸ್ಸಿನ ಕಥೆಯೇ ಇಲ್ಲ.

ಮುಂಬಯಿಯ ಇತರ ಸಮುದಾಯಗಳೂ ಇದನ್ನೇ ಮಾಡಿದ್ದವು. ಗೋವೆಯ ಕ್ರೈಸ್ತರು ಧೋಬಿ ತಲಾವ್ ಸುತ್ತ ಊರಿಗೊಂದರಂತೆ ‘ಕೂಡ್’ಗಳನ್ನು ನಡೆಸುತ್ತಿದ್ದರು, ಟ್ರಂಕು ಇಡಲು ಜಾಗ, ಚಾಪೆ ಹಾಸಲು ನೆಲ. ಗಿರಣಿಗಳ ಬಡಾವಣೆಯಾದ ಗಿರಣಗಾಂವ್‌ನಲ್ಲಿ ಹೆಂಗಸರು ನಡೆಸುತ್ತಿದ್ದ ಖಾನಾವಳಿಗಳು ಮುಷ್ಕರದ ತಿಂಗಳುಗಳಲ್ಲಿ ಸಾಲದ ಮೇಲೆ ಉಣ್ಣಿಸಿದವು. ಮುಂದೆ ಇಂಥ ಹೆಂಗಸರನ್ನೇ ಸಂಘಟಿಸಿ ಪ್ರೇಮಾ ಪುರಾವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು.

ಕರಾವಳಿಯವರು ಇದಕ್ಕೆ ಇನ್ನೊಂದು ಮಹಡಿ ಸೇರಿಸಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು. ಬಿಲ್ಲವರ ಅಸೋಸಿಯೇಶನ್ 1932ರದ್ದು. ಬಂಟರ ಸಂಘ ಇತ್ತು. ಮುಂಬಯಿ ಕನ್ನಡಿಗರ ಮೈಸೂರು ಅಸೋಸಿಯೇಶನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಮುಗ್ಗಟ್ಟಿನ ನಟ್ಟನಡುವೆ ಹುಟ್ಟಿದ ಸಂಸ್ಥೆಗಳೂ ಇವುಗಳಲ್ಲಿವೆ ಎಂಬುದನ್ನು ಗಮನಿಸಿ. ಇಂಥ ಸಂಘಗಳ ಆಶ್ರಯದಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆದವು. ಹಗಲು ತಟ್ಟೆ ಎತ್ತಿದ ಹುಡುಗ ರಾತ್ರಿ ಬೆಂಚಿನ ಮೇಲೆ ಕೂತು ಅಕ್ಷರ ಕಲಿತ, ಮೆಟ್ರಿಕ್ ಮಾಡಿದ, ಕೆಲವರು ವಕೀಲರಾದರು, ಕೆಲವರು ಬ್ಯಾಂಕಿಗೆ ಸೇರಿದರು. ಅನ್ನ ಸಿಕ್ಕ ಜಾಗದಲ್ಲೇ ಮನುಷ್ಯ ನಿಂತುಬಿಡದಂತೆ ಮುಂದಕ್ಕೆ ದಾರಿ ತೋರಿಸಿದ್ದು ಈ ಶಾಲೆಗಳು. ವಲಸೆಗಾರರು ಕಟ್ಟಿದ ಸಂಸ್ಥೆಗಳಲ್ಲಿ ರಾತ್ರಿ ಶಾಲೆಗಿಂತ ದೊಡ್ಡದನ್ನು ನಾನು ಕಂಡಿಲ್ಲ.

ಉಳಿತಾಯದ ಅಭ್ಯಾಸವೂ ಜೊತೆಗಿತ್ತು. ಉಡುಪಿಯಲ್ಲಿ 1925ರಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಇದ್ದರೂ ಮನೆಬಾಗಿಲಿಗೆ ಬಂದು ತೆಗೆದುಕೊಳ್ಳುತ್ತಿದ್ದರು. ದಿನದ ಲೆಕ್ಕದಲ್ಲಿ ಬದುಕುವವರಿಗೆ ದಿನದ ಲೆಕ್ಕದ ಬ್ಯಾಂಕು.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿ ಓದಿದವರಿಗೆ ಹೋಟೆಲಿನ ದಾರಿ, ಓದಿನ ದಾರಿಗಳ ನಡುವಿನ ಅಂತರ ತಿಳಿದಿರುತ್ತದೆ. ಅಲ್ಲಿ ಶೀನ ಮಯ್ಯರ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲು ನಡೆಸಿ ಹಣ ನೋಡುತ್ತಾರೆ. ಓದಿದ ರಾಮ ಪಟ್ಟಣಗಳಲ್ಲಿ ಅಲೆದು, ಓದಿಗೆ ತಕ್ಕ ಕೆಲಸ ಸಿಗದೆ ಕೊನೆಗೆ ಊರಿಗೆ ಮರಳುತ್ತಾನೆ. ಕಾರಂತರಿಗೆ ಅದು ಮಣ್ಣಿನ ಕಥೆ. ಅರ್ಥಶಾಸ್ತ್ರದವನಾದ ನನಗೆ ಅದು ಸರ್ಟಿಫಿಕೇಟಿಗಿಂತ ಅಡುಗೆಮನೆ ಗಟ್ಟಿಯಾಗಿದ್ದ ಕಾಲದ ದಾಖಲೆಯೂ ಹೌದು.

ಬಾಗಿಲ ಹೊರಗೆ ನಿಂತವರು

ಇಷ್ಟು ಹೇಳಿ ಮುಗಿಸಿದರೆ ಚಪ್ಪಾಳೆ ಸಿಗುತ್ತದೆ, ನ್ಯಾಯ ಸಿಗುವುದಿಲ್ಲ. ನಂಟಿನಿಂದ ತೆರೆಯುವ ಬಾಗಿಲು ನಂಟಿಲ್ಲದವನಿಗೆ ಮುಚ್ಚಿರುತ್ತದೆ. ಅಂದಿನ ಎಷ್ಟೋ ಹೋಟೆಲುಗಳಲ್ಲಿ ಅಡುಗೆಗೆ ಬ್ರಾಹ್ಮಣರೇ ಆಗಬೇಕಿತ್ತು, ಊಟಕ್ಕೂ ಬೇರೆ ಪಂಕ್ತಿ ಇತ್ತು. ದಲಿತ ಹುಡುಗನಿಗೆ ಆ ಅಡುಗೆಮನೆಯ ಹೊಸಿಲೂ ಸಿಗುತ್ತಿರಲಿಲ್ಲ. ಹಸಿವು ಅವನ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಿತ್ತು, ಮುಂಬಯಿಯಲ್ಲಿ ಅವನಿಗೆ ಮಾವನಿರಲಿಲ್ಲ. ಹೆಣ್ಣುಮಕ್ಕಳಿಗೆ ಈ ದಾರಿ ಇರಲೇ ಇಲ್ಲ.

ಒಳಗೆ ಹೋದವರ ಸ್ಥಿತಿಯೂ ಹೊಗಳುವಂಥದ್ದಲ್ಲ. ಅನ್ನ ಕೊಟ್ಟವನ ಎದುರು ಸಂಬಳ ಕೇಳಲು ನಾಲಿಗೆ ಏಳುವುದಿಲ್ಲ. ನಸುಕಿನಿಂದ ನಡುರಾತ್ರಿಯವರೆಗೆ ದುಡಿದ ಆ ಮಾಣಿಗಳನ್ನು ಇವತ್ತಿನ ಕಾನೂನು ಬಾಲಕಾರ್ಮಿಕರು ಎನ್ನುತ್ತದೆ. ಹೋಟೆಲು, ಢಾಬಾಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ಸರಕಾರ ನಿಷೇಧಿಸಿದ್ದು 2006ರ ಅಕ್ಟೋಬರ್ 10ರಿಂದ. ಅದಕ್ಕೂ ಮೊದಲಿನ ದೀರ್ಘ ಕಾಲವನ್ನು ‘ಕಷ್ಟಪಟ್ಟು ಮೇಲೆ ಬಂದರು’ ಎಂಬ ಒಂದೇ ಮಾತಿನಲ್ಲಿ ಮುಚ್ಚಿಹಾಕುವುದು ತಪ್ಪು. ಸಂಬಳ ಕೇಳಲು ಏಳದ ಆ ನಾಲಿಗೆಗೆ ಮಾತು ಕೊಟ್ಟವರಲ್ಲಿ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಒಬ್ಬರು. 1949ರ ಸುಮಾರಿಗೆ ಕೆಲಸ ಹುಡುಕಿ ಮುಂಬಯಿಗೆ ಹೋದ ಅವರು ಚೌಪಾಟಿಯಲ್ಲಿ ಮಲಗಿ ದಿನ ಕಳೆದವರು. ಮುಂದೆ ಹೋಟೆಲು ಕೆಲಸಗಾರರ, ಟ್ಯಾಕ್ಸಿಯವರ ಸಂಘ ಕಟ್ಟಿದರು. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಆರಂಭವಾದಾಗ ರೈಲ್ವೆ ಮಂತ್ರಿಯಾಗಿದ್ದವರೂ ಅವರೇ.

ಕುಸಿತದ ಕಾಲದಲ್ಲಿ ಹೊರಗಿನವನು ಕಣ್ಣಿಗೆ ಚುಚ್ಚುತ್ತಾನೆ ಎಂಬುದೂ ಈ ಕಥೆಯ ಭಾಗ. 1936ರಲ್ಲಿ ಲಾಸ್ ಏಂಜಲೀಸಿನ ಪೊಲೀಸರು ರಾಜ್ಯದ ಗಡಿಗೇ ಹೋಗಿ ನಿಂತು, ಕೈಯಲ್ಲಿ ಕಾಸಿಲ್ಲದವರನ್ನು ಕ್ಯಾಲಿಫೋರ್ನಿಯಾದೊಳಗೆ ಬಿಡದೆ ತಡೆದರು. ಬಡವನನ್ನು ರಾಜ್ಯದೊಳಗೆ ಕರೆತರುವುದೇ ಅಪರಾಧ ಎನ್ನುತ್ತಿದ್ದ ಅಲ್ಲಿನ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟು 1941ರಲ್ಲಿ ರದ್ದು ಮಾಡಿತು. ಮುಂಬಯಿಯಲ್ಲಿ 1966ರಲ್ಲಿ ಹುಟ್ಟಿದ ಶಿವಸೇನೆ ಮೊದಲು ಗುರಿ ಮಾಡಿದ್ದು ದಕ್ಷಿಣ ಭಾರತೀಯರನ್ನು. ಉಡುಪಿ ಹೋಟೆಲುಗಳ ಮೇಲೂ ಕಲ್ಲು ಬಿದ್ದವು. ಖಾಸಗಿ ಕಂಪನಿಗಳ ಕೆಲಸವನ್ನು ಸ್ಥಳೀಯರಿಗೆ ಮೀಸಲಿಟ್ಟ ಹರಿಯಾಣದ ಕಾಯ್ದೆಯನ್ನು ಹೈಕೋರ್ಟು 2023ರಲ್ಲಿ ತಳ್ಳಿಹಾಕಿತು. ಅಂಥದ್ದೇ ಮಸೂದೆಯನ್ನು ನಮ್ಮ ರಾಜ್ಯ 2024ರ ಜುಲೈಯಲ್ಲಿ ಸಿದ್ಧಪಡಿಸಿ ತಡೆಹಿಡಿಯಿತು. ಸ್ಥಳೀಯರ ಆತಂಕ ಸುಳ್ಳಲ್ಲ. ಆದರೆ ಮುಂಬಯಿಯ ಅನ್ನ ಉಂಡ ನಾಡು ಇನ್ನೊಬ್ಬರ ತಟ್ಟೆಯ ಬಗ್ಗೆ ಮಾತಾಡುವಾಗ ನಾಲಿಗೆ ಬಿಗಿಹಿಡಿಯಬೇಕು.

ಆಮೇಲಿನ ಕುಸಿತಗಳು

ಆಮೇಲೆಯೂ ಏಟುಗಳು ಬಿದ್ದವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಅದು ನ್ಯಾಯದ ಕೆಲಸ. ಅದೇ ಹೊತ್ತಿಗೆ ಗೇಣಿಯ ಅಕ್ಕಿಯನ್ನೇ ನೆಚ್ಚಿಕೊಂಡಿದ್ದ ಮನೆಗಳ ಮಕ್ಕಳು ಮುಂಬಯಿ ಬಸ್ಸು ಹತ್ತಿದರು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಮುಷ್ಕರ ಹೂಡಿದರು. ಅದಾದ ಮೇಲೆ ಮುಂಬಯಿ ಗಿರಣಿಯ ಊರಾಗಿ ಉಳಿಯಲಿಲ್ಲ.

2020ರಲ್ಲಿ ನನ್ನ ವಾದಕ್ಕೇ ಪರೀಕ್ಷೆ ಬಂತು. ಕೊರೊನಾ ಸೋಂಕು ಹರಡಿ ಮಾರ್ಚ್ 25ರಿಂದ ದೇಶ ಬಂದ್. ಆಗ ಮುಚ್ಚಿದವುಗಳಲ್ಲಿ ಹೋಟೆಲೂ ಒಂದು. ತೊಂಬತ್ತು ವರ್ಷ ಅನ್ನ-ಹಾಸಿಗೆ ಎರಡನ್ನೂ ಕೊಟ್ಟ ಜಾಗ ಎರಡನ್ನೂ ಒಂದೇ ದಿನ ಕಿತ್ತುಕೊಂಡಿತು. ಸಾವಿರಾರು ಮಂದಿ ಮಹಾರಾಷ್ಟ್ರದಿಂದ ಉಡುಪಿಗೆ ಮರಳಿದರು. ಜೂನ್ ಮೊದಲ ವಾರಗಳಲ್ಲಿ ರಾಜ್ಯದಲ್ಲೇ ಹೆಚ್ಚು ಸೋಂಕಿತರು ಇದ್ದ ಜಿಲ್ಲೆ ಉಡುಪಿ. ಅವರಲ್ಲಿ ಬಹುತೇಕರು ಮುಂಬಯಿ ಕಡೆಯಿಂದ ಬಂದವರು. ಮನಿ ಆರ್ಡರ್ ಬಂದಾಗ ಹಬ್ಬ ಮಾಡಿದ ಊರುಗಳಲ್ಲಿ ಕೆಲವು, ಮನುಷ್ಯ ಬಂದಾಗ ಗೇಟು ಹಾಕಿದವು. ನಂಟಿನ ಮೇಲೆ ನಿಂತ ರಕ್ಷಣೆ, ಆ ನಂಟು ಇಡಿಯಾಗಿ ಒಟ್ಟಿಗೇ ಕಷ್ಟಕ್ಕೆ ಸಿಕ್ಕಾಗ ಕುಸಿಯುತ್ತದೆ ಎಂಬುದನ್ನು ಅಂದು ಕಂಡೆವು.

ಈಗ ಮಾಡಬೇಕಾದದ್ದು

ನಂಟು ಮಾಡುತ್ತಿದ್ದ ಕೆಲಸವನ್ನು ಈಗ ಸಾರ್ವಜನಿಕ ವ್ಯವಸ್ಥೆ ವಹಿಸಿಕೊಳ್ಳಬೇಕು. ಅದು ಆಗದ ಮಾತಲ್ಲ, ಅಲ್ಲಲ್ಲಿ ಆಗಲೇ ಶುರುವಾಗಿದೆ. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನು ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಟ್ಟಿತು. ಅಲ್ಲಿ ಜಾತಿ ಕೇಳುವವರಿಲ್ಲ, ಮಾವ ಯಾರು ಎಂದು ಕೇಳುವವರಿಲ್ಲ. ಇದನ್ನು ಬಡವರಿಗೆ ಎಸೆದ ದಾನ ಎಂದು ನೋಡುವವರಿದ್ದಾರೆ. ನಾನು ಇದನ್ನು ಉದ್ಯೋಗ ನೀತಿ ಎನ್ನುತ್ತೇನೆ. ಕೆಲಸ ಹುಡುಕುವವನು ಇನ್ನೊಂದು ತಿಂಗಳು ನಿಲ್ಲುವಂತೆ ಮಾಡುವುದು ಇಂಥದ್ದೇ. ಯಾವ ರಾಜ್ಯದ ಪಡಿತರ ಚೀಟಿಗೂ ಯಾವ ಊರಲ್ಲೂ ಅಕ್ಕಿ ಸಿಗುವ ವ್ಯವಸ್ಥೆ 2022ರ ಹೊತ್ತಿಗೆ ದೇಶವಿಡೀ ಬಂದಿದೆ. ಯಾದಗಿರಿ, ಕಲಬುರಗಿ, ವಿಜಯಪುರಗಳಿಂದ ಗುಳೆ ಹೋಗುವ ಪ್ರತಿಯೊಂದು ಕುಟುಂಬಕ್ಕೂ ಇದನ್ನು ತಿಳಿಸುವ ಹೊಣೆ ತಾಲ್ಲೂಕು ಕಚೇರಿಯದು.

ಊಟ ಆಯಿತು, ಉಳಿದದ್ದು ಸೂರು. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಬಹಳ ಕಾಲದಿಂದ ಇದೆ. ಕೆಲಸ ಕಳೆದುಕೊಂಡವನಿಗೆ, ಕೆಲಸ ಇನ್ನೂ ಸಿಗದವನಿಗೆ ಅದು ಗೋಡೆ. ಕೇಂದ್ರ ಸರಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳಬಾರದು ಎನ್ನುತ್ತದೆ. ಮಾದರಿ ಮಾದರಿಯಾಗಿಯೇ ಉಳಿದರೆ ಪ್ರಯೋಜನವಿಲ್ಲ, ಆ ಮಿತಿ ಬೀದಿಯಲ್ಲಿ ಜಾರಿಯಾಗಬೇಕು. ದುಡಿಯುವ ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೆ ಸರಕಾರಿ ವಸತಿನಿಲಯಗಳು ಪ್ರತಿ ಕೈಗಾರಿಕಾ ಊರಲ್ಲೂ ಬೇಕು. ಮೂರನೆಯದು ರಾತ್ರಿ ಶಾಲೆ. ಡೆಲಿವರಿ ಬ್ಯಾಗು ಹೊತ್ತ ಹುಡುಗನಿಗೆ, ಸೆಕ್ಯುರಿಟಿ ಸಮವಸ್ತ್ರ ತೊಟ್ಟ ಪದವೀಧರನಿಗೆ ಸಂಜೆ ಕಲಿಯಲು ಒಂದು ಬೆಂಚು ಕೊಡುವುದನ್ನು ನಮ್ಮ ಜಾತಿ ಸಂಘಗಳು, ಮಠಗಳು, ಕ್ಲಬ್ಬುಗಳು ಮರೆತುಬಿಟ್ಟಿವೆ. ಕಲ್ಯಾಣ ಮಂಟಪ ಕಟ್ಟುವಷ್ಟು ಹಣ ಅವರಲ್ಲಿದೆ. ಮದುವೆ ಇಲ್ಲದ ದಿನಗಳಲ್ಲಿ ಅದರಲ್ಲೇ ಎರಡು ಕೋಣೆ ಬಿಟ್ಟುಕೊಟ್ಟರೆ ಸಾಕು, ಎಲ್ಲ ಜಾತಿಯವರಿಗೂ.

ಕೊನೆಯ ಮಾತು ವಿದ್ಯಾರ್ಥಿಗಳಿಗೆ. ಮುಗ್ಗಟ್ಟು ನಿಮ್ಮ ಕಾಲದಲ್ಲೂ ಬರುತ್ತದೆ, ಒಮ್ಮೆ ಅಲ್ಲ, ಹಲವು ಸಲ. ಬೇರೆ ಊರಿಗೆ ಹೊರಡುವಾಗ ಸಂಬಳದ ಅಂಕಿ ನೋಡುವ ಮೊದಲು ಕೆಲಸ ಸಿಗದ ಆರು ತಿಂಗಳು ಅಲ್ಲಿ ಹೇಗೆ ಬದುಕುತ್ತೀರಿ ಎಂಬುದನ್ನು ಕಾಗದದ ಮೇಲೆ ಬರೆಯಿರಿ. ಎಲ್ಲರೂ ಹೋಗುವ ದೊಡ್ಡ ಊರಿಗಿಂತ, ಆ ಆರು ತಿಂಗಳ ಖರ್ಚು ಅರ್ಧವಾಗುವ, ನಿಮ್ಮ ಹಿರಿಯ ಸಹಪಾಠಿ ಒಬ್ಬಳಾದರೂ ಇರುವ ಊರು ಮೇಲು. ಮೊದಲು ಸಿಕ್ಕ ಕೆಲಸ ಓದಿಗೆ ತಕ್ಕದ್ದಲ್ಲದಿದ್ದರೆ ನಾಚಿಕೆ ಬೇಡ, ಆದರೆ ಅಲ್ಲೇ ಬೇರು ಬಿಡಬೇಡಿ. ಸಂಜೆಯ ಓದು ಬಿಡಬೇಡಿ. ವಾಪಸು ಬರಬೇಕಾಗಿ ಬಂದರೆ ಅದನ್ನು ಸೋಲು ಎಂದುಕೊಳ್ಳಬೇಡಿ, ಕುಸಿತದಲ್ಲಿ ಅರ್ಧ ಲೋಕವೇ ವಾಪಸು ಬಂದಿದೆ. ಮತ್ತು ನಿಮಗೆ ಒಂದು ಕೋಣೆ ಆದ ದಿನ, ಅದರಲ್ಲಿ ಇನ್ನೊಂದು ಚಾಪೆಗೆ ಜಾಗ ಇಡಿ. ಆ ಚಾಪೆಗೆ ಬರುವವನು ನಿಮ್ಮ ಊರಿನವನೇ, ನಿಮ್ಮ ಜಾತಿಯವನೇ ಆಗಿರಬೇಕಿಲ್ಲ. ನಮ್ಮ ಹಿರಿಯರು ಮಾಡದೆ ಬಿಟ್ಟ ಕೆಲಸ ಅದೊಂದೇ. ಅದನ್ನು ನೀವು ಮಾಡಿ.